ಹತ್ತು ಕೌನ್ಸಿಲ್‌ಗಳು ಒಂದಾಗಿ ಅಧಿಕಾರ ಪಡೆದ ಬಗೆ: ಗ್ರೇಟರ್ ಮ್ಯಾಂಚೆಸ್ಟರ್‌ನ ಅನುಭವ

ಸ್ಥಳೀಯ ಸಂಸ್ಥೆಗಳಿಗೆ ಹೆಚ್ಚಿನ ಅಧಿಕಾರ ಬೇಕು ಎಂಬ ಮಾತನ್ನು ಬಹಿರಂಗವಾಗಿ ಅಲ್ಲಗಳೆಯುವವರು ಯಾವ ದೇಶದಲ್ಲೂ ಹೆಚ್ಚು ಮಂದಿ ಇರುವುದಿಲ್ಲ. ಆದರೆ ಆ ಅಧಿಕಾರವನ್ನು ಯಾರು ಬಿಟ್ಟುಕೊಡಬೇಕು, ಯಾರ ಕೈಗೆ ಕೊಡಬೇಕು, ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳದಂತೆ ತಡೆಯುವುದು ಹೇಗೆ ಎಂದು ಕೇಳಿದ ಕೂಡಲೇ ಚರ್ಚೆ ಕಠಿಣವಾಗುತ್ತದೆ. ಇಂದಿನ ಉಪನ್ಯಾಸದಲ್ಲಿ ಈ ಪ್ರಶ್ನೆಗಳನ್ನು ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಗ್ರೇಟರ್ ಮ್ಯಾಂಚೆಸ್ಟರ್ ಪ್ರದೇಶದ ಉದಾಹರಣೆಯ ಮೂಲಕ ನೋಡಲು ಬಯಸುತ್ತೇನೆ. ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಬರಿ, ಓಲ್ಡಮ್, ರಾಚ್‌ಡೇಲ್, ಸ್ಟಾಕ್‌ಪೋರ್ಟ್, ಟೇಮ್‌ಸೈಡ್, ಟ್ರಾಫರ್ಡ್, ವಿಗನ್ ಎಂಬ ಹತ್ತು ಕೌನ್ಸಿಲ್‌ಗಳು ಸೇರಿ, ಸುಮಾರು 28 ಲಕ್ಷ ಜನರ ಪರವಾಗಿ, ಲಂಡನ್ನಿನ ಸರ್ಕಾರದಿಂದ ಒಂದೊಂದೇ ಅಧಿಕಾರವನ್ನು ಪಡೆದುಕೊಂಡ ಕಥೆ ಇದು. ಅಧಿಕಾರ ಕೈಗೆ ಬರುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ ಆ ಹತ್ತು ಕೌನ್ಸಿಲ್‌ಗಳು ಕೂಡಿ ಕೆಲಸ ಮಾಡುವುದನ್ನು ಕಲಿತಿದ್ದವು, ಮುಂದಿನದೆಲ್ಲ ಆ ಕಲಿಕೆಯ ಫಲ ಎಂಬುದು ನನ್ನ ವಾದ.

ಹಿನ್ನೆಲೆಯಾಗಿ ಒಂದು ಸಂಗತಿಯನ್ನು ಹೇಳಬೇಕು. ಬ್ರಿಟನ್ನಿನಲ್ಲಿ ನಮ್ಮಲ್ಲಿರುವಂತೆ ಒಂದೇ ಲಿಖಿತ ಸಂವಿಧಾನವಿಲ್ಲ. ಅಲ್ಲಿನ ಕೌನ್ಸಿಲ್‌ಗಳು ಸಂಸತ್ತು ಮಾಡಿದ ಕಾನೂನಿನಿಂದ ಹುಟ್ಟಿದವು. ಸಂಸತ್ತು ಮನಸ್ಸು ಮಾಡಿದರೆ ಅವುಗಳನ್ನು ಅಳಿಸಿಯೂ ಹಾಕಬಹುದು. 1972ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ 1974ರ ಏಪ್ರಿಲ್ 1ರಂದು ಈ ಹತ್ತು ಕೌನ್ಸಿಲ್‌ಗಳ ಮೇಲೆ ಗ್ರೇಟರ್ ಮ್ಯಾಂಚೆಸ್ಟರ್ ಕೌಂಟಿ ಕೌನ್ಸಿಲ್ ಎಂಬ ಚುನಾಯಿತ ಸಂಸ್ಥೆ ಕೆಲಸ ಆರಂಭಿಸಿತು. ಸಾರಿಗೆ, ಪೊಲೀಸ್, ಅಗ್ನಿಶಾಮಕ ಸೇವೆ, ತ್ಯಾಜ್ಯ ವಿಲೇವಾರಿ ಮೊದಲಾದ ಇಡೀ ಪ್ರದೇಶಕ್ಕೆ ಸಂಬಂಧಿಸಿದ ಕೆಲಸಗಳು ಅದರ ಪಾಲಿಗೆ ಬಂದವು. ಹನ್ನೆರಡು ವರ್ಷಗಳ ನಂತರ, 1986ರ ಮಾರ್ಚ್ 31ರಂದು, ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ ಲಂಡನ್ ಮಹಾನಗರದ ಕೌನ್ಸಿಲಿನ ಜೊತೆಗೆ ಇದನ್ನೂ ರದ್ದುಮಾಡಿತು. ಚುನಾಯಿತ ಸಂಸ್ಥೆಯೊಂದು ಹೀಗೆ ಕಾನೂನಿನ ಮೂಲಕವೇ ಇಲ್ಲವಾದದ್ದನ್ನು ಕಣ್ಣಾರೆ ಕಂಡ ಹತ್ತು ಕೌನ್ಸಿಲ್‌ಗಳು ಅಂದು ಮಾಡಿದ ತೀರ್ಮಾನದಲ್ಲಿ ಮುಂದಿನ ಕಥೆಯ ಬೀಜವಿದೆ.

ಅವು ತಂತಮ್ಮ ದಾರಿ ಹಿಡಿದು ಹೋಗಬಹುದಿತ್ತು. ಆದರೆ ಅವು 'ಗ್ರೇಟರ್ ಮ್ಯಾಂಚೆಸ್ಟರ್ ಸ್ಥಳೀಯ ಸಂಸ್ಥೆಗಳ ಸಂಘ' ಎಂಬ ಒಂದು ಸ್ವಯಂಪ್ರೇರಿತ ಕೂಟವನ್ನು ಕಟ್ಟಿಕೊಂಡವು. ಅದಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ಅದರ ತೀರ್ಮಾನಕ್ಕೆ ಯಾರನ್ನೂ ಕಟ್ಟಿಹಾಕುವ ಬಲವಿರಲಿಲ್ಲ. ಹಳೆಯ ಕೌಂಟಿ ಕೌನ್ಸಿಲಿನ ಕೆಲಸಗಳಲ್ಲಿ ಕೆಲವು ಜಂಟಿ ಮಂಡಳಿಗಳಿಗೆ ಹೋದವು, ಕೆಲವನ್ನು ಹತ್ತರ ಪರವಾಗಿ ಒಂದು ಕೌನ್ಸಿಲ್ ವಹಿಸಿಕೊಂಡಿತು. ಉದಾಹರಣೆಗೆ, ಇಡೀ ಪ್ರದೇಶದ ನೌಕರರ ಪಿಂಚಣಿ ನಿಧಿಯನ್ನು ನೋಡಿಕೊಳ್ಳುವ ಹೊಣೆ ಟೇಮ್‌ಸೈಡ್‌ನದಾಯಿತು. ಇಂದಿಗೂ ಅದು ಅಲ್ಲಿಯೇ ಇದೆ. ಎಲ್ಲದರಲ್ಲೂ ಎಲ್ಲರೂ ಸೇರಲೇಬೇಕೆಂಬ ಹಟವೂ ಇರಲಿಲ್ಲ. ತ್ಯಾಜ್ಯ ವಿಲೇವಾರಿಯಲ್ಲಿ ಒಂಬತ್ತು ಕೌನ್ಸಿಲ್‌ಗಳು ಒಂದಾದರೆ ವಿಗನ್ ತನ್ನ ವ್ಯವಸ್ಥೆಯನ್ನು ತಾನೇ ನೋಡಿಕೊಂಡಿತು, ಅದರಿಂದ ಯಾರ ಸಂಬಂಧವೂ ಕೆಡಲಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಬಂಧವೆಂದರೆ ವಿಮಾನ ನಿಲ್ದಾಣ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣವನ್ನು ಕಂಪನಿಯಾಗಿ ಮಾರ್ಪಡಿಸಿದಾಗ ಅದರ ಶೇ 55ರಷ್ಟು ಷೇರುಗಳು ಮ್ಯಾಂಚೆಸ್ಟರ್ ನಗರದ ಕೌನ್ಸಿಲಿಗೆ, ಉಳಿದ ಒಂಬತ್ತಕ್ಕೆ ತಲಾ ಶೇ 5ರಂತೆ ಹಂಚಿಕೆಯಾದವು. 2013ರಲ್ಲಿ ಒಂದು ಹೂಡಿಕೆ ಸಂಸ್ಥೆ ಶೇ 35.5ರಷ್ಟು ಪಾಲನ್ನು ಪಡೆದ ಮೇಲೆಯೂ ಬಹುಪಾಲು ಒಡೆತನ ಹತ್ತು ಕೌನ್ಸಿಲ್‌ಗಳ ಕೈಯಲ್ಲೇ ಉಳಿದಿದೆ. ಬ್ರಿಟನ್ನಿನ ಬಹುತೇಕ ದೊಡ್ಡ ವಿಮಾನ ನಿಲ್ದಾಣಗಳು ಖಾಸಗಿಯವರ ಪಾಲಾದ ಕಾಲದಲ್ಲಿ ಈ ಕೌನ್ಸಿಲ್‌ಗಳು ತಮ್ಮ ಪಾಲನ್ನು ಉಳಿಸಿಕೊಂಡದ್ದು ಸಣ್ಣ ವಿಷಯವಲ್ಲ. ಓಲ್ಡಮ್‌ನ ನಾಯಕನಿಗೂ ಟ್ರಾಫರ್ಡ್‌ನ ನಾಯಕನಿಗೂ ಲಾಭಾಂಶದ ಲೆಕ್ಕ ಒಂದೇ ಪುಸ್ತಕದಲ್ಲಿರುವಾಗ ಪಕ್ಷ ಬೇರೆಯಾದರೂ ಕೂತು ಮಾತಾಡದೆ ವಿಧಿಯಿರಲಿಲ್ಲ. ಪಕ್ಷಗಳಂತೂ ಬೇರೆಬೇರೆಯಾಗಿಯೇ ಇದ್ದವು. ಹೆಚ್ಚಿನ ಕೌನ್ಸಿಲ್‌ಗಳು ಲೇಬರ್ ಪಕ್ಷದವಾದರೂ ಟ್ರಾಫರ್ಡ್ 2004ರಿಂದ 2018ರವರೆಗೆ ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿತ್ತು, 2014ರ ಒಪ್ಪಂದದ ಹೊತ್ತಿಗೆ ಸ್ಟಾಕ್‌ಪೋರ್ಟನ್ನು ಲಿಬರಲ್ ಡೆಮಾಕ್ರಟರು ಆಳುತ್ತಿದ್ದರು.

ಈ ಕೂಡುವಿಕೆಯ ನಿಜವಾದ ಪರೀಕ್ಷೆ ನಡೆದದ್ದು 2008 ಮತ್ತು 2009ರಲ್ಲಿ. ಆ ಎರಡು ವರ್ಷಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಧಿಕಾರ ಹಸ್ತಾಂತರದ ಚರ್ಚೆಗಳಲ್ಲಿ ಎಲ್ಲರೂ ದಾಟಿಹೋಗುವ ಘಟ್ಟ ಇದೇ. ವಾಹನ ದಟ್ಟಣೆಗೆ ಶುಲ್ಕ ವಿಧಿಸಲು ಒಪ್ಪಿದರೆ ಸಾರ್ವಜನಿಕ ಸಾರಿಗೆಗೆ ದೊಡ್ಡ ಮೊತ್ತದ ಅನುದಾನ ನೀಡುವುದಾಗಿ ಕೇಂದ್ರ ಸರ್ಕಾರ ಹೇಳಿತ್ತು. 2008ರ ಡಿಸೆಂಬರ್‌ನಲ್ಲಿ ಹತ್ತೂ ಕೌನ್ಸಿಲ್‌ಗಳ ವ್ಯಾಪ್ತಿಯಲ್ಲಿ ಜನಮತಗಣನೆ ನಡೆದು, ಸುಮಾರು ಶೇ 79ರಷ್ಟು ಮತದಾರರು ಬೇಡವೆಂದರು. ಹತ್ತರಲ್ಲಿ ಒಂದು ಕೌನ್ಸಿಲ್ ಪ್ರದೇಶದಲ್ಲೂ ಬಹುಮತ ಸಿಗಲಿಲ್ಲ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಬಹಳ ಮಂದಿ ಭಾವಿಸಿದರು.

ಮರುವರ್ಷವೇ ಆ ನಾಯಕರು ಸುಮಾರು 150 ಕೋಟಿ ಪೌಂಡ್‌ಗಳ ಒಂದು ಸಾರಿಗೆ ನಿಧಿಯನ್ನು ರೂಪಿಸಿದರು. ಸರ್ಕಾರದಿಂದ ಬರಬೇಕಾಗಿದ್ದ ಹಣ, ತಮ್ಮ ಕೌನ್ಸಿಲ್‌ಗಳಿಂದ ಸಂಗ್ರಹಿಸುವ ಸಾರಿಗೆ ವಂತಿಗೆ, ಮುಂದೆ ಟ್ರಾಮ್ ಪ್ರಯಾಣಿಕರಿಂದ ಬರುವ ಆದಾಯವನ್ನು ಆಧಾರವಾಗಿಟ್ಟು ತಂದ ಸಾಲ, ಇವುಗಳನ್ನು ಒಟ್ಟುಮಾಡಿದ ನಿಧಿ ಅದು. ಹಣವನ್ನು ಹತ್ತು ಭಾಗ ಮಾಡಿ ತಲಾ ಒಂದೊಂದು ಪಾಲು ಕೊಡುವುದು ಸುಲಭದ ದಾರಿ. ಯಾವ ರಾಜಕಾರಣಿಯೂ ಊರಿಗೆ ಬರಿಗೈಯಲ್ಲಿ ಮರಳಬೇಕಾಗುವುದಿಲ್ಲ. ಅವರು ಆ ದಾರಿ ಹಿಡಿಯಲಿಲ್ಲ. ಖರ್ಚುಮಾಡುವ ಪ್ರತಿ ಪೌಂಡಿಗೆ ಇಡೀ ಪ್ರದೇಶದ ಆರ್ಥಿಕತೆಗೆ ಎಷ್ಟು ಲಾಭವಾಗುತ್ತದೆ ಎಂಬ ಒಂದೇ ಅಳತೆಗೋಲಿನಿಂದ ಯೋಜನೆಗಳನ್ನು ಆರಿಸುವುದಕ್ಕೆ ಒಪ್ಪಿದರು. ಅದರ ಪರಿಣಾಮವಾಗಿ 1992ರಲ್ಲಿ ಬರಿಯಿಂದ ಆಲ್ಟ್ರಿಂಚಮ್‌ವರೆಗೆ ಆರಂಭವಾಗಿದ್ದ ಮೆಟ್ರೋಲಿಂಕ್ ಟ್ರಾಮ್ ಜಾಲವು ಓಲ್ಡಮ್, ರಾಚ್‌ಡೇಲ್, ಆ್ಯಷ್ಟನ್‌ಗಳಿಗೂ ವಿಮಾನ ನಿಲ್ದಾಣಕ್ಕೂ ಹಬ್ಬಿತು. ಬೋಲ್ಟನ್, ವಿಗನ್, ಸ್ಟಾಕ್‌ಪೋರ್ಟ್ ಈ ಮೂರು ಊರುಗಳಿಗೆ ಟ್ರಾಮ್ ಬರಲಿಲ್ಲ. ಆದರೂ ಆ ಮೂರು ಕೌನ್ಸಿಲ್‌ಗಳು ಕೂಟವನ್ನು ಬಿಟ್ಟು ಹೋಗಲಿಲ್ಲ. ಪಕ್ಕದೂರಿಗೆ ಟ್ರಾಮ್ ಹೋಗಲೆಂದು ತನ್ನ ಊರಿನ ಜನರಿಂದಲೂ ವಂತಿಗೆ ಸಂಗ್ರಹಿಸಿಕೊಡುವ ಜನಪ್ರತಿನಿಧಿ ಎಂಥ ರಾಜಕೀಯ ಅಪಾಯವನ್ನು ಎದುರಿಸುತ್ತಾನೆ ಎಂಬುದನ್ನು ನಮ್ಮ ಊರುಗಳ ರಾಜಕಾರಣ ಬಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗ್ರೇಟರ್ ಮ್ಯಾಂಚೆಸ್ಟರ್‌ನ ಯಶಸ್ಸಿಗೆ ಕಾರಣ ಕೇಳಿದರೆ ನಾನು ಮೊದಲು ತೋರಿಸುವುದು ಈ ತೀರ್ಮಾನವನ್ನೇ.

2009ರಲ್ಲಿ ಸಂಸತ್ತು ಮಾಡಿದ ಒಂದು ಕಾಯ್ದೆ, ಅಕ್ಕಪಕ್ಕದ ಕೌನ್ಸಿಲ್‌ಗಳು ತಾವಾಗಿ ಬಯಸಿದರೆ ಸಂಯುಕ್ತ ಪ್ರಾಧಿಕಾರವೊಂದನ್ನು ರಚಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದರ ಅಡಿಯಲ್ಲಿ 2011ರ ಏಪ್ರಿಲ್ 1ರಂದು ಗ್ರೇಟರ್ ಮ್ಯಾಂಚೆಸ್ಟರ್ ಸಂಯುಕ್ತ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ದೇಶದಲ್ಲಿ ಅಂಥ ಮೊದಲ ಪ್ರಾಧಿಕಾರ ಅದು. ಹತ್ತು ಕೌನ್ಸಿಲ್‌ಗಳ ನಾಯಕರೇ ಅದರ ಸದಸ್ಯರು. ಅಲ್ಲಿ ಐದೂವರೆ ಲಕ್ಷ ಜನಸಂಖ್ಯೆಯ ಮ್ಯಾಂಚೆಸ್ಟರ್ ನಗರಕ್ಕೂ ಒಂದೇ ಮತ, ಎರಡು ಲಕ್ಷ ತುಂಬದ ಬರಿಗೂ ಒಂದೇ ಮತ. ಜನಸಂಖ್ಯೆಯ ನ್ಯಾಯದಿಂದ ನೋಡಿದರೆ ಇದು ಸರಿಯೇ ಎಂದು ಕೇಳಬಹುದು. ಆದರೆ ದೊಡ್ಡ ಊರು ತನ್ನನ್ನು ನುಂಗಿಹಾಕುತ್ತದೆ ಎಂಬ ಸಣ್ಣ ಊರಿನ ಭಯ ಹೋಗದೆ ಇಂಥ ಕೂಟ ನಿಲ್ಲುವುದಿಲ್ಲ, ಆ ಭಯವನ್ನು ಕಳೆದದ್ದು ಈ ಸಮಾನ ಮತವೇ. ಹೊಣೆಗಳ ಹಂಚಿಕೆಯಲ್ಲೂ ಇದೇ ಮನೋಧರ್ಮ ಕಾಣುತ್ತದೆ. ಒಂದು ಊರಿನ ನಾಯಕನಿಗೆ ವಸತಿ, ಇನ್ನೊಂದು ಊರಿನ ನಾಯಕಿಗೆ ಕೌಶಲ ತರಬೇತಿ ಎಂಬಂತೆ ಇಡೀ ಪ್ರದೇಶದ ಒಂದೊಂದು ವಿಷಯವನ್ನು ಒಬ್ಬೊಬ್ಬರು ನೋಡಿಕೊಳ್ಳುತ್ತಾರೆ. ಹಾಗಾಗಿ ತನ್ನ ಊರಿನ ಹಿತವನ್ನು ಮಾತ್ರ ಹಿಡಿದು ಕೂರುವುದು ಕಷ್ಟವಾಗುತ್ತದೆ.

ಇನ್ನು ಒಪ್ಪಂದದ ವಿಷಯ. 2014ರ ಜೂನ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಮ್ಯಾಂಚೆಸ್ಟರ್‌ನಲ್ಲಿ ಮಾಡಿದ ಭಾಷಣದಲ್ಲಿ ಉತ್ತರ ಇಂಗ್ಲೆಂಡಿನ ನಗರಗಳನ್ನು ಜೋಡಿಸಿ ಬೆಳೆಸುವ ಯೋಜನೆಯನ್ನು ಮುಂದಿಟ್ಟರು. ಅದೇ ವರ್ಷದ ನವೆಂಬರ್ 3ರಂದು ಹತ್ತೂ ನಾಯಕರು ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಹಲವು ವರ್ಷಗಳ ಸಾರಿಗೆ ಅನುದಾನ ಒಟ್ಟಿಗೆ, ಬಸ್ಸುಗಳ ಮೇಲೆ ನಿಯಂತ್ರಣ, 30 ಕೋಟಿ ಪೌಂಡ್‌ಗಳ ವಸತಿ ಹೂಡಿಕೆ ನಿಧಿ, ಇಡೀ ಪ್ರದೇಶದ ಭೂಬಳಕೆ ಯೋಜನೆ, ಪೊಲೀಸರ ಮೇಲ್ವಿಚಾರಣೆಗೆಂದು ಜನರಿಂದ ಆಯ್ಕೆಯಾಗುವ ಆಯುಕ್ತರ ಹೊಣೆ, ಇವು ಅದರಲ್ಲಿದ್ದ ಮುಖ್ಯ ಅಂಶಗಳು. ಸರ್ಕಾರದ ಕಡೆಯಿಂದ ಒಂದು ಷರತ್ತಿತ್ತು: ಇಡೀ ಪ್ರದೇಶಕ್ಕೆ ಜನರಿಂದ ನೇರವಾಗಿ ಆಯ್ಕೆಯಾಗುವ ಒಬ್ಬ ಮೇಯರ್ ಇರಬೇಕು. ಯಾವುದೇ ತಪ್ಪಿಗೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡುವಂತಿರಬೇಕು ಎಂಬುದು ಅದರ ಹಿಂದಿನ ತರ್ಕ.

ನನಗೆ ಈ ಒಪ್ಪಂದದಲ್ಲಿ ಅಸಮಾಧಾನವಿರುವುದು ಇಲ್ಲಿಯೇ. ಎರಡೇ ವರ್ಷ ಹಿಂದೆ, 2012ರ ಮೇ ತಿಂಗಳಲ್ಲಿ, ನೇರ ಚುನಾಯಿತ ಮೇಯರ್ ಬೇಕೇ ಎಂಬ ಪ್ರಶ್ನೆಗೆ ಮ್ಯಾಂಚೆಸ್ಟರ್ ನಗರದ ಮತದಾರರು ಬೇಡವೆಂದು ಉತ್ತರಿಸಿದ್ದರು. ಇಡೀ ಪ್ರದೇಶದ ಮೇಯರ್ ಹುದ್ದೆ ಅದಕ್ಕಿಂತ ಬೇರೆಯಾದದ್ದು ಎಂಬುದು ನಿಜ. ಆದರೂ ಮಾತುಕತೆ ನಡೆದದ್ದು ಮ್ಯಾಂಚೆಸ್ಟರ್ ಕೌನ್ಸಿಲಿನ ನಾಯಕ ರಿಚರ್ಡ್ ಲೀಸ್, ಅದರ ಮುಖ್ಯ ಅಧಿಕಾರಿ ಹೊವಾರ್ಡ್ ಬರ್ನ್‌ಸ್ಟೀನ್ ಮುಂತಾದ ಕೆಲವೇ ಮಂದಿ ಮತ್ತು ಖಜಾನೆ ಇಲಾಖೆಯ ನಡುವೆ, ಮುಚ್ಚಿದ ಬಾಗಿಲಿನ ಹಿಂದೆ. ಜನರಿಗೆ ತಿಳಿದದ್ದು ಸಹಿಯಾದ ಮೇಲೆ. 2017ರ ಮೇ 4ರಂದು ನಡೆದ ಮೊದಲ ಮೇಯರ್ ಚುನಾವಣೆಯಲ್ಲಿ ಲೇಬರ್ ಪಕ್ಷದ ಆ್ಯಂಡಿ ಬರ್ನ್‌ಹ್ಯಾಮ್ ಶೇ 63ರಷ್ಟು ಮತ ಪಡೆದು ಗೆದ್ದರು. ಆದರೆ ಮತಗಟ್ಟೆಗೆ ಬಂದವರು ಶೇ 29ರಷ್ಟು ಮಾತ್ರ. ತಮ್ಮನ್ನು ಕೇಳದೆ ಸೃಷ್ಟಿಸಿದ ಹುದ್ದೆಗೆ ಜನ ತೋರಿದ ನಿರಾಸಕ್ತಿ ಅದೆಂದು ಓದುವುದರಲ್ಲಿ ತಪ್ಪಿಲ್ಲ.

ಅಧಿಕಾರ ಬಂದದ್ದರಿಂದ ಜನರ ದಿನನಿತ್ಯದಲ್ಲಿ ಏನು ಬದಲಾಯಿತು ಎಂಬುದಕ್ಕೆ ಬಸ್ಸಿಗಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. 1986ರ ಅಕ್ಟೋಬರ್‌ನಿಂದ ಲಂಡನ್ನಿನ ಹೊರಗೆಲ್ಲ ಬಸ್ ಸಂಚಾರವನ್ನು ಮುಕ್ತ ಮಾರುಕಟ್ಟೆಗೆ ಬಿಡಲಾಗಿತ್ತು. ಯಾವ ಕಂಪನಿ ಬೇಕಾದರೂ ತನಗೆ ಲಾಭವೆನಿಸಿದ ದಾರಿಯಲ್ಲಿ, ತನಗೆ ಬೇಕಾದ ಹೊತ್ತಿಗೆ, ತಾನೇ ಗೊತ್ತುಮಾಡಿದ ದರಕ್ಕೆ ಬಸ್ ಓಡಿಸಬಹುದಿತ್ತು. ವಿಶ್ವವಿದ್ಯಾಲಯಗಳ ಮುಂದೆ ಹಾದುಹೋಗುವ ಆಕ್ಸ್‌ಫರ್ಡ್ ರಸ್ತೆ, ವಿಲ್ಮ್‌ಸ್ಲೋ ರಸ್ತೆಗಳಲ್ಲಿ ಹಲವು ಕಂಪನಿಗಳ ಬಸ್ಸುಗಳು ಒಂದರ ಬೆನ್ನಿಗೆ ಒಂದು ಸಾಲುಗಟ್ಟುತ್ತಿದ್ದವು. ಸಂಜೆ ಕಳೆದ ಮೇಲೆ ಹೊರವಲಯದ ಬಡಾವಣೆಗಳಿಗೆ ಹೋಗುವ, ಲಾಭವಿಲ್ಲದ ಬಸ್ಸುಗಳಿಗೆ ಮಾತ್ರ ಸಾರ್ವಜನಿಕ ಹಣದಿಂದ ಸಹಾಯಧನ ಕೊಡಬೇಕಾಗುತ್ತಿತ್ತು. ಒಂದು ಕಂಪನಿಯ ದಿನದ ಪಾಸ್ ಕೊಂಡವರು ಅದೇ ನಿಲ್ದಾಣಕ್ಕೆ ಮೊದಲು ಬಂದ ಇನ್ನೊಂದು ಕಂಪನಿಯ ಬಸ್ ಹತ್ತುವಂತಿರಲಿಲ್ಲ. ಎಲ್ಲದಕ್ಕೂ ಆಗುವ ಪಾಸಿಗೆ ಹೆಚ್ಚಿನ ದುಡ್ಡು ಕೊಡಬೇಕಿತ್ತು.

2017ರ ಬಸ್ ಸೇವಾ ಕಾಯ್ದೆಯು ಮೇಯರ್ ಇರುವ ಸಂಯುಕ್ತ ಪ್ರಾಧಿಕಾರಗಳಿಗೆ ಈ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಕೊಟ್ಟಿತು. 2021ರ ಮಾರ್ಚ್‌ನಲ್ಲಿ ಮೇಯರ್ ಅದನ್ನು ಬಳಸಲು ತೀರ್ಮಾನಿಸಿದಾಗ ಎರಡು ಬಸ್ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2022ರಲ್ಲಿ ಆ ವ್ಯಾಜ್ಯ ಪ್ರಾಧಿಕಾರದ ಪರವಾಗಿ ಇತ್ಯರ್ಥವಾಯಿತು. 2023ರ ಸೆಪ್ಟೆಂಬರ್ 24ರಂದು ಬೋಲ್ಟನ್ ಮತ್ತು ವಿಗನ್ ಕಡೆಯ ಬಸ್ಸುಗಳು ಹಳದಿ ಬಣ್ಣ ತೊಟ್ಟು 'ಬೀ ನೆಟ್‌ವರ್ಕ್' ಎಂಬ ಹೆಸರಿನಲ್ಲಿ ರಸ್ತೆಗಿಳಿದವು, 2025ರ ಜನವರಿ 5ರ ಹೊತ್ತಿಗೆ ಹತ್ತೂ ಕೌನ್ಸಿಲ್‌ಗಳ ವ್ಯಾಪ್ತಿ ಪೂರ್ಣವಾಯಿತು. ಈಗ ದಾರಿ, ವೇಳಾಪಟ್ಟಿ, ಟಿಕೆಟ್ ದರಗಳನ್ನು ಸಾರ್ವಜನಿಕ ಸಂಸ್ಥೆ ಗೊತ್ತುಮಾಡುತ್ತದೆ. ಕಂಪನಿಗಳು ಗುತ್ತಿಗೆ ಹಿಡಿದು ಬಸ್ ಓಡಿಸುತ್ತವೆ, ನ್ಯಾಯಾಲಯಕ್ಕೆ ಹೋಗಿದ್ದ ಕಂಪನಿಗಳೂ ಆಮೇಲೆ ಗುತ್ತಿಗೆ ಪಡೆದವು. 2025ರ ಮಾರ್ಚ್‌ನಿಂದ ಪ್ರಯಾಣಿಕರು ಬಸ್ಸಿನಲ್ಲೂ ಟ್ರಾಮಿನಲ್ಲೂ ಒಂದೇ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಸಾಕು; ದಿನಕ್ಕೆ ಇಂತಿಷ್ಟೇ ಎಂಬ ಮಿತಿ ದಾಟಿದ ಮೇಲೆ ಹಣ ಕಡಿತವಾಗುವುದಿಲ್ಲ. ಟ್ರಾಮ್ ಸಿಗದ ಬೋಲ್ಟನ್, ವಿಗನ್‌ಗಳಿಗೆ ಹೊಸ ಬಸ್ ವ್ಯವಸ್ಥೆ ಎಲ್ಲರಿಗಿಂತ ಮೊದಲು ತಲುಪಿತೆಂಬುದನ್ನು ತಾವು ಗಮನಿಸಬೇಕು.

ಆರೋಗ್ಯ ಸೇವೆಯಲ್ಲಿ ಇಂಥ ಫಲ ಸಿಗಲಿಲ್ಲ. 2015ರ ಫೆಬ್ರುವರಿಯಲ್ಲಿ ಸುಮಾರು 600 ಕೋಟಿ ಪೌಂಡ್‌ಗಳ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಆಯವ್ಯಯದ ಮೇಲೆ ಸ್ಥಳೀಯ ಹಿಡಿತ ಕೊಡುವ ಒಡಂಬಡಿಕೆಗೆ ಕೌನ್ಸಿಲ್‌ಗಳೂ ಆರೋಗ್ಯ ಸಂಸ್ಥೆಗಳೂ ಸೇರಿ 37 ಸಂಸ್ಥೆಗಳು ಸಹಿ ಹಾಕಿದವು. ಪತ್ರಿಕೆಗಳು ಅದನ್ನು ದೊಡ್ಡ ಹಸ್ತಾಂತರವೆಂದು ಬರೆದವು. ವಾಸ್ತವದಲ್ಲಿ ಕಾನೂನಿನ ಹೊಣೆ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿಯೇ ಉಳಿದಿತ್ತು. 2022ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಹೊಸ ಆರೋಗ್ಯ ಕಾಯ್ದೆ ಬಂದಾಗ ಗ್ರೇಟರ್ ಮ್ಯಾಂಚೆಸ್ಟರ್‌ಗೂ ಉಳಿದೆಡೆಯಂಥದೇ ಮಂಡಳಿ ರಚನೆಯಾಯಿತು. ಒಡಂಬಡಿಕೆಯಿಂದ ಬಂದ ಅಧಿಕಾರಕ್ಕೂ ಕಾಯ್ದೆಯಿಂದ ಬಂದ ಅಧಿಕಾರಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಹಣದ ಪ್ರಶ್ನೆಯನ್ನು ಮರೆಯುವಂತಿಲ್ಲ. ಒಪ್ಪಂದಗಳ ಮೇಲೆ ಒಪ್ಪಂದಗಳಿಗೆ ಸಹಿ ಬೀಳುತ್ತಿದ್ದ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಬರುತ್ತಿದ್ದ ಅನುದಾನ ಕುಸಿಯುತ್ತಿತ್ತು. ದೇಶದ ಲೆಕ್ಕಪರಿಶೋಧನಾ ಕಚೇರಿಯ ಲೆಕ್ಕದಂತೆ 2010–11ರಿಂದ 2017–18ರ ನಡುವೆ ಆ ಅನುದಾನವು ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಶೇ 49ರಷ್ಟು ಇಳಿದಿತ್ತು. ಮನೆಗಳ ಮೇಲೆ ಹಾಕುವ ಕೌನ್ಸಿಲ್ ತೆರಿಗೆಯನ್ನು ನಿಗದಿತ ಮಿತಿಗಿಂತ ಹೆಚ್ಚಿಸಬೇಕಾದರೆ ಜನಮತಗಣನೆ ನಡೆಸಬೇಕು. ಅಂದರೆ ಹೊಸ ಹೊಣೆಗಳು ಮೇಲಿನಿಂದ ಬರುತ್ತಿದ್ದಾಗ ಹಳೆಯ ಗ್ರಂಥಾಲಯಗಳು, ಯುವಕೇಂದ್ರಗಳು ಹಣವಿಲ್ಲದೆ ಬಡವಾಗುತ್ತಿದ್ದವು. ಅಧಿಕಾರ ಹಸ್ತಾಂತರವನ್ನು ಹೊಗಳುವವರು ಈ ಎರಡೂ ಪ್ರವಾಹಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಕೊರೊನಾ ನಿರ್ಬಂಧಗಳ ಪರಿಹಾರದ ಮೊತ್ತಕ್ಕಾಗಿ ಮೇಯರ್ ಮತ್ತು ಲಂಡನ್ ನಡುವೆ ನಡೆದ ಜಗಳ ಇದರದೇ ಇನ್ನೊಂದು ಮುಖ. ಅವರು ಕೇಳಿದ್ದು 6.5 ಕೋಟಿ ಪೌಂಡ್, ಸರ್ಕಾರ 6 ಕೋಟಿಯಲ್ಲಿ ನಿಂತಿತು, ಮಾತುಕತೆ ಮುರಿದುಬಿತ್ತು, ನಿರ್ಬಂಧಗಳು ಹೇಗೂ ಜಾರಿಯಾದವು. ಮೇಯರ್ ಅವರ ಮಾತು ದೇಶಕ್ಕೆಲ್ಲ ಕೇಳಿಸಿತು, ಆದರೆ ತಡೆಯುವ ಅಧಿಕಾರ ಅವರಿಗಿರಲಿಲ್ಲ.

ಕೂಡಿ ಬಾಳುವ ಅಭ್ಯಾಸವಿಲ್ಲದ ಕಡೆ ಏನಾಯಿತು ಎಂಬುದಕ್ಕೆ ಈಶಾನ್ಯ ಇಂಗ್ಲೆಂಡ್ ಸಾಕ್ಷಿ. ಅಲ್ಲಿ 2014ರಲ್ಲಿ ಏಳು ಕೌನ್ಸಿಲ್‌ಗಳು ಸಂಯುಕ್ತ ಪ್ರಾಧಿಕಾರ ರಚಿಸಿಕೊಂಡವು. ಆದರೆ 2016ರಲ್ಲಿ ಮೇಯರ್ ಷರತ್ತಿನ ಒಪ್ಪಂದ ಮುಂದೆ ಬಂದಾಗ ಟೈನ್ ನದಿಯ ದಕ್ಷಿಣದ ನಾಲ್ಕು ಕೌನ್ಸಿಲ್‌ಗಳು ಹಿಂದೆ ಸರಿದವು. ಉತ್ತರದ ಮೂರು ಪ್ರತ್ಯೇಕವಾಗಿ 2018ರಲ್ಲಿ ತಮ್ಮದೇ ಪ್ರಾಧಿಕಾರ ಮಾಡಿಕೊಂಡವು. ನದಿಯ ಎರಡೂ ದಡಗಳನ್ನು ಜೋಡಿಸುವ ಮೆಟ್ರೋ ರೈಲು 1980ರಿಂದಲೂ ಓಡುತ್ತಿದ್ದುದರಿಂದ ಅದನ್ನು ನಡೆಸಲು ಎರಡು ಪ್ರಾಧಿಕಾರಗಳ ಮೇಲೊಂದು ಜಂಟಿ ಸಮಿತಿ ಬೇಕಾಯಿತು. ಏಳೂ ಮತ್ತೆ ಒಂದಾದದ್ದು 2024ರ ಮೇ ತಿಂಗಳಲ್ಲಿ. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲೂ ಬಿರುಕು ಬೀಳಲಿಲ್ಲವೆಂದಲ್ಲ. ಹಸಿರು ವಲಯದಲ್ಲಿ ಮನೆ ಕಟ್ಟುವ ಪ್ರಶ್ನೆಯಿಂದಾಗಿ 2020ರ ಡಿಸೆಂಬರ್‌ನಲ್ಲಿ ಸ್ಟಾಕ್‌ಪೋರ್ಟ್ ಜಂಟಿ ಭೂಬಳಕೆ ಯೋಜನೆಯಿಂದ ಹೊರನಡೆಯಿತು. ಆ ಯೋಜನೆಗೆ ಹತ್ತೂ ಕೌನ್ಸಿಲ್‌ಗಳ ಒಪ್ಪಿಗೆ ಕಡ್ಡಾಯವಾಗಿದ್ದರಿಂದ ಅದು ಬಿದ್ದುಹೋಯಿತು. ಉಳಿದ ಒಂಬತ್ತು ಬೇರೆ ರೂಪದಲ್ಲಿ ಅದನ್ನು ಮುಂದುವರಿಸಿ 2024ರಲ್ಲಿ ಅಂಗೀಕರಿಸಿದವು. ಬೇರೆ ವಿಷಯಗಳಲ್ಲಿ ಸ್ಟಾಕ್‌ಪೋರ್ಟ್ ಎಂದಿನಂತೆ ಜೊತೆಗಿತ್ತು.

ಬೆಂಗಳೂರಿನ ಹೊಸ ಆಡಳಿತ ವ್ಯವಸ್ಥೆಗೆ ಇದನ್ನು ಹೋಲಿಸಬಹುದೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಮೇಲ್ನೋಟಕ್ಕೆ ಹೋಲಿಕೆಯಿದೆ: 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಆದರೆ ಅಲ್ಲಿ ಇದ್ದ ಹತ್ತು ಚುನಾಯಿತ ಸಂಸ್ಥೆಗಳು ತಾವಾಗಿ ಕೂಡಿದವು. ಇಲ್ಲಿ ಇದ್ದ ಒಂದು ಪಾಲಿಕೆಯನ್ನು ರಾಜ್ಯದ ಕಾಯ್ದೆ ಐದಾಗಿಸಿತು. ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಅದು ಇಲ್ಲವಾಗುವವರೆಗೂ ಮತ್ತೆ ಚುನಾವಣೆ ನಡೆಯಲಿಲ್ಲ. ಪ್ರಾಧಿಕಾರದ ಅಧ್ಯಕ್ಷತೆ ಮುಖ್ಯಮಂತ್ರಿಗಳದು. ಮಹಾನಗರ ಯೋಜನಾ ಸಮಿತಿಯ ಮೂರನೇ ಎರಡರಷ್ಟು ಸದಸ್ಯರನ್ನಾದರೂ ಸ್ಥಳೀಯ ಚುನಾಯಿತರೇ ತಮ್ಮೊಳಗಿನಿಂದ ಆರಿಸಬೇಕೆಂದು 74ನೆಯ ತಿದ್ದುಪಡಿ ಹೇಳುತ್ತದೆ. ಸಂವಿಧಾನದ ಇಂಥ ಆಸರೆ ಮ್ಯಾಂಚೆಸ್ಟರಿಗರಿಗೆ ಎಂದೂ ಇರಲಿಲ್ಲ, ನಮಗೆ ಇದ್ದೂ ನಾವು ಅದನ್ನು ಬಳಸಿಕೊಂಡಿಲ್ಲ.

ಕೊನೆಯದಾಗಿ, ಈಗ ನಡೆಯುತ್ತಿರುವುದರ ಬಗ್ಗೆ. 2025ರ ಏಪ್ರಿಲ್‌ನಿಂದ ಗ್ರೇಟರ್ ಮ್ಯಾಂಚೆಸ್ಟರ್ ಮತ್ತು ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಧಿಕಾರಗಳಿಗೆ ಹತ್ತಾರು ಪ್ರತ್ಯೇಕ ಅನುದಾನಗಳ ಬದಲು ಒಂದೇ ಗಂಟಾಗಿ ಹಣ ಬರುತ್ತಿದೆ. ಪ್ರತಿ ಯೋಜನೆಗೂ ಲಂಡನ್ನಿಗೆ ಅರ್ಜಿ ಹಿಡಿದು ಹೋಗುವ ಕಾಲ ಇದರಿಂದ ಬಹುಮಟ್ಟಿಗೆ ಮುಗಿಯುತ್ತದೆ, ಇದನ್ನು ನಾನು ಪೂರ್ಣ ಮನಸ್ಸಿನಿಂದ ಸ್ವಾಗತಿಸುತ್ತೇನೆ. ಅದೇ ಹೊತ್ತಿಗೆ, 2024ರ ಡಿಸೆಂಬರ್‌ನಲ್ಲಿ ಸರ್ಕಾರ ಹೊರಡಿಸಿದ ಶ್ವೇತಪತ್ರವು ಇಡೀ ಇಂಗ್ಲೆಂಡಿಗೆ ಇಂಥ ಪ್ರಾಧಿಕಾರಗಳನ್ನು ವಿಸ್ತರಿಸುವ ಗುರಿ ಹಾಕಿಕೊಂಡು, ಎರಡು ಬದಲಾವಣೆಗಳನ್ನು ಸೂಚಿಸಿತು: ಸಾಧ್ಯವಿರುವೆಡೆಯೆಲ್ಲ ಮೇಯರ್ ಸೇರಿದ ಸರಳ ಬಹುಮತದಿಂದ ತೀರ್ಮಾನ ಮಾಡುವುದು, ಸ್ಥಳೀಯರು ತಮ್ಮೊಳಗೆ ಒಪ್ಪದಿದ್ದರೆ ಸಚಿವರ ಆದೇಶದಿಂದಲೇ ಪ್ರಾಧಿಕಾರ ರಚಿಸುವುದು. ಅದರ ಬೆನ್ನಿಗೆ 2025ರ ಜುಲೈನಲ್ಲಿ ಮಸೂದೆಯೂ ಸಂಸತ್ತಿನ ಮುಂದೆ ಬಂತು. ಕೆಲಸ ಬೇಗ ಆಗಬೇಕೆಂಬ ಕಾಳಜಿ ಇದರ ಹಿಂದಿದೆ, ಒಂದು ಕೌನ್ಸಿಲಿನ ಹಟದಿಂದ ಎಲ್ಲವೂ ನಿಂತುಹೋದ ಉದಾಹರಣೆಗಳೂ ಕಣ್ಣ ಮುಂದಿವೆ. ಆದರೆ ಟ್ರಾಮ್ ಬಾರದ ಮೂರು ಕೌನ್ಸಿಲ್‌ಗಳು 2009ರಲ್ಲಿ ಜೊತೆಯಲ್ಲಿ ಉಳಿದದ್ದು ಸಚಿವರ ಆದೇಶದಿಂದಲ್ಲ. ಹೊರಗೆ ಹೋಗುವ ಬಾಗಿಲು ತೆರೆದಿದ್ದರೂ ಅವು ಉಳಿದವು. ಆದೇಶದಿಂದ ಹುಟ್ಟುವ ಹೊಸ ಪ್ರಾಧಿಕಾರಗಳಲ್ಲಿ, ಪಕ್ಕದೂರಿಗಾಗಿ ತನ್ನ ಪಾಲನ್ನು ಬಿಟ್ಟುಕೊಡುವಂತೆ ಒಂದು ಸಣ್ಣ ಕೌನ್ಸಿಲಿನ ನಾಯಕರನ್ನು ಒಪ್ಪಿಸುವವರು ಯಾರು, ಯಾವ ಬಲದಿಂದ ಎಂಬ ಪ್ರಶ್ನೆಗೆ ಆ ಶ್ವೇತಪತ್ರದಲ್ಲಿ ನನಗೆ ಉತ್ತರ ಕಾಣಲಿಲ್ಲ.